ಕ್ರೈಸ್ತರು ಯಾವ ಹಾಡು ಕೇಳಬೇಕು? ಹಳೆಯ ಸಂಗೀತ, ಹೊಸ ಆರಾಧನಾ ಗೀತೆ, ಸಿನಿಮಾ ಹಾಡು, ದಾಸರ ಪದ: ಒಂದು ಹೋಲಿಕೆ

ಕಳೆದ ಮಳೆಗಾಲದ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಒಬ್ಬ ತಾಯಿ ನನ್ನ ಬಳಿ ಬಂದು ಒಂದು ಪ್ರಶ್ನೆ ಕೇಳಿದರು. ಅವರ ಹತ್ತು ವರ್ಷದ ಮಗಳು ಕರ್ನಾಟಕ ಸಂಗೀತ ಕಲಿಯುತ್ತಿದ್ದಳು. ಸರಳೆ, ಜಂಟಿ, ಅಲಂಕಾರ ಎಂಬ ಆರಂಭದ ಸ್ವರಪಾಠಗಳೆಲ್ಲ ಮುಗಿದು, ಸಾಹಿತ್ಯವಿರುವ ಮೊದಲ ಪಾಠಗಳಾದ ಪಿಳ್ಳಾರಿ ಗೀತೆಗಳಿಗೆ ಬಂದಿದ್ದಳು, ಅಲ್ಲಿನ ಮೊದಲ ಗೀತೆಯೇ ಗಣಪತಿಯ ಸ್ತುತಿ. "ಇದನ್ನು ಅವಳು ಹಾಡಬಹುದೇ? ನಾವು ಮನೆಯಲ್ಲಿ ಕೂತು ಕೇಳಬಹುದೇ?" ಎಂದು ಅವರು ಕೇಳಿದ ದನಿಯಲ್ಲಿ ನಿಜವಾದ ಆತಂಕವಿತ್ತು. ಮಾತು ಮುಂದುವರಿದಂತೆ ತಿಳಿದದ್ದೇನೆಂದರೆ, ಅದೇ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ದಿನಕ್ಕೆ ಎರಡು ಮೂರು ತಾಸು ಸಿನಿಮಾ ಹಾಡು ಕೇಳುತ್ತಾನೆ, ತಾಯಿ ಅಡುಗೆಮನೆಯಲ್ಲಿ ಯೂಟ್ಯೂಬಿನ ಹೊಸ ಆರಾಧನಾ ಗೀತೆಗಳನ್ನು ಹಾಕಿಕೊಳ್ಳುತ್ತಾರೆ, ಅಜ್ಜಿಯಾದರೋ ರಟ್ಟು ಕಳಚಿದ ತಮ್ಮ ಸಂಗೀತ ಪುಸ್ತಕದಲ್ಲಿ (ಸಭೆಯ ಸ್ತುತಿಗೀತೆಗಳನ್ನು ನಮ್ಮಲ್ಲಿ ಸಂಗೀತವೆಂದೇ ಕರೆಯುತ್ತಾರೆ) ಇಲ್ಲದ್ದನ್ನು ಹಾಡೆಂದೇ ಒಪ್ಪುವುದಿಲ್ಲ. ಆ ನಾಲ್ವರ ಆಯ್ಕೆಗಳಲ್ಲಿ ಪ್ರಶ್ನೆಗೆ ಒಳಗಾದದ್ದು ಹುಡುಗಿಯ ಗೀತೆ ಮಾತ್ರ. ಉಳಿದ ಮೂರನ್ನು ಯಾರೂ ತೂಗಿ ನೋಡಿರಲಿಲ್ಲ. ಈ ಬರಹದಲ್ಲಿ ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡುವ ಪ್ರಯತ್ನ ಮಾಡಿದ್ದೇನೆ.

ತೂಗುವ ಮೊದಲು ತಕ್ಕಡಿ ಯಾವುದೆಂದು ಹೇಳಬೇಕು. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಇಂಥ ವಾದ್ಯ ಸಲ್ಲದು, ಇಂಥ ತಾಳ ಪಾಪ ಎಂಬ ಪಟ್ಟಿ ಎಲ್ಲಿಯೂ ಇಲ್ಲ. 150ನೇ ಕೀರ್ತನೆ ತುತೂರಿ, ವೀಣೆ, ದಮ್ಮಡಿ, ಕುಣಿತ, ಝಲ್ಲರಿ ಎಲ್ಲವನ್ನೂ ಸ್ತುತಿಗೆ ಕರೆಯುತ್ತದೆ. ಆದರೆ ಆಮೋಸನ ಪುಸ್ತಕದ 5ನೇ ಅಧ್ಯಾಯದಲ್ಲಿ ಅದೇ ದೇವರು, ನ್ಯಾಯವಿಲ್ಲದ ಜನರು ಹಾಡುವ ಗೀತೆಗಳ ಗದ್ದಲವನ್ನು ತನ್ನ ಮುಂದಿನಿಂದ ತೊಲಗಿಸಲು ಹೇಳುತ್ತಾನೆ. ಅಂದರೆ ಹಾಡು ದೇವರ ಹೆಸರನ್ನು ಹೊತ್ತ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. ಪೌಲನು ಕೊಲೊಸ್ಸೆಯವರಿಗೆ ಬರೆಯುತ್ತಾ (3:16) ಹಾಡಿನ ಮೂಲಕ ಕ್ರಿಸ್ತನ ವಾಕ್ಯವು ಒಳಗೆ ನೆಲೆಗೊಳ್ಳಬೇಕು, ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಳ್ಳಬೇಕು ಎನ್ನುತ್ತಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ (14:15) ಆತ್ಮದಿಂದಲೂ ಹಾಡುವೆನು, ಬುದ್ಧಿಯಿಂದಲೂ ಹಾಡುವೆನು ಎನ್ನುತ್ತಾನೆ. ಅದೇ ಪತ್ರದ 10ನೇ ಅಧ್ಯಾಯದಲ್ಲಿ, ಎಲ್ಲವೂ ಸಲ್ಲಬಹುದು, ಆದರೆ ಎಲ್ಲವೂ ಭಕ್ತಿಯನ್ನು ಕಟ್ಟುವುದಿಲ್ಲ ಎಂಬ ಮಾತಿದೆ. ಈ ವಚನಗಳಿಂದ ನಾನು ಮೂರು ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇನೆ: ಈ ಹಾಡು ಏನು ಹೇಳುತ್ತದೆ, ಕೇಳಿ ಮುಗಿದ ಮೇಲೆ ನನ್ನೊಳಗೆ ಏನು ಉಳಿಯುತ್ತದೆ, ನನ್ನ ಜೊತೆಯಲ್ಲಿ ಕೇಳುವವರಿಗೆ ಇದು ಏನು ಮಾಡುತ್ತದೆ.

ಸಭೆಯ ಇತಿಹಾಸದಲ್ಲಿಯೂ ಈ ವಿಷಯದಲ್ಲಿ ಒಂದೇ ತೀರ್ಪು ಇರಲಿಲ್ಲ. ಸಂತ ಅಗಸ್ಟೀನನು ತನ್ನ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ, ಹಾಡಲ್ಪಟ್ಟ ವಿಷಯಕ್ಕಿಂತ ಹಾಡಿನ ಇಂಪೇ ತನ್ನನ್ನು ಹೆಚ್ಚು ಅಲುಗಿಸಿದಾಗ ತಾನು ತಪ್ಪು ಮಾಡಿದೆನೆಂದು ಒಪ್ಪಿಕೊಳ್ಳುತ್ತಾನೆ, ಆದರೂ ಸಭೆಯಲ್ಲಿ ಹಾಡುವುದು ಬೇಡವೆನ್ನುವುದಿಲ್ಲ. ಹದಿನಾರನೆಯ ಶತಮಾನದಲ್ಲಿ ಜ್ಯೂರಿಕ್ಕಿನ ಸಭಾಸುಧಾರಕ ಸ್ವಿಂಗ್ಲಿ ಆರಾಧನೆಯಿಂದ ಆರ್ಗನ್ನುಗಳನ್ನೇ ತೆಗೆಸಿದರೆ, ಅದೇ ಕಾಲದ ಜರ್ಮನ್ ಸುಧಾರಕ ಲೂಥರ್ ದೇವರ ವಾಕ್ಯದ ನಂತರದ ಸ್ಥಾನವನ್ನು ಸಂಗೀತಕ್ಕೆ ಕೊಟ್ಟನು. 1963ರಲ್ಲಿ ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ, ಲ್ಯಾಟಿನ್ ಭಾಷೆಯ ಪುರಾತನ ಗ್ರೆಗೋರಿಯನ್ ಗಾಯನಕ್ಕೆ ಅಗ್ರಸ್ಥಾನ ಕೊಡುತ್ತಲೇ, ಆಯಾ ನಾಡಿನ ಜನರ ಸ್ವಂತ ಸಂಗೀತ ಪರಂಪರೆಗೂ ಆರಾಧನೆಯಲ್ಲಿ ತಕ್ಕ ಗೌರವ ಸಲ್ಲಬೇಕೆಂದು ಹೇಳಿತು. ಹೀಗಿರುವಾಗ ನಮ್ಮ ಮನೆಯ ಅಜ್ಜಿಗೂ ಮೊಮ್ಮಗನಿಗೂ ಅಭಿಪ್ರಾಯಭೇದ ಬಂದರೆ ಅದನ್ನು ನಂಬಿಕೆಯ ಕುಸಿತವೆಂದು ಎಣಿಸಬೇಕಾಗಿಲ್ಲ.

ಸಂಗೀತ ಪುಸ್ತಕದ ಹಾಡು ಮತ್ತು ಹೊಸ ಆರಾಧನಾ ಗೀತೆ

ಹಳೆಯ ಸಂಗೀತಗಳ ಬಲ ಇರುವುದು ಅವುಗಳ ವಿಷಯದ ವಿಸ್ತಾರದಲ್ಲಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ಸಭೆಗಳ ಧಾಟಿಗಳು ಕನ್ನಡದ ಮಾತುಗಳನ್ನು ಹೊತ್ತು ನಮ್ಮ ಸಭೆಗಳಲ್ಲಿ ನೆಲೆಯಾದವು. ಪುಸ್ತಕ ತೆರೆದರೆ ಅಲ್ಲಿ ಕ್ರಿಸ್ತನ ಜನನಕ್ಕೆ ಹಾಡಿದೆ, ಶ್ರಮೆಗೆ ಇದೆ, ಪುನರುತ್ಥಾನಕ್ಕೆ ಇದೆ, ಬಿತ್ತನೆಗೂ ಸುಗ್ಗಿಗೂ ಇದೆ, ರೋಗಿಯ ಹಾಸಿಗೆಯ ಬಳಿ ಹಾಡುವುದಕ್ಕೆ ಇದೆ, ಮಣ್ಣು ಮಾಡುವ ಹೊತ್ತಿಗೂ ಇದೆ. ಸಾವಿನ ಮನೆಯಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಶವದ ಪೆಟ್ಟಿಗೆಯ ಸುತ್ತ ಚಾಪೆಯ ಮೇಲೆ ಕೂತಿದ್ದಾಗ, ವಾದ್ಯವಿಲ್ಲದೆ, ದೀಪವೂ ಮಂದವಾಗಿರುವಾಗ, ಯಾರೋ ಒಬ್ಬ ಹಿರಿಯರು ಗಂಟಲು ಸರಿಮಾಡಿಕೊಂಡು ಒಂದು ಸಾಲು ಎತ್ತಿದರೆ ಉಳಿದವರು ಪುಸ್ತಕ ನೋಡದೆ ನಾಲ್ಕೂ ಚರಣಗಳನ್ನು ಹಾಡುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಮೈಕಿಲ್ಲದೆ, ಕೀಬೋರ್ಡಿಲ್ಲದೆ ಹೀಗೆ ನಿಲ್ಲಬಲ್ಲ ಹಾಡು ಒಂದು ಮನೆತನಕ್ಕೆ ಆಸ್ತಿಯೇ ಸರಿ.

ಅವುಗಳ ಕೊರತೆಯನ್ನೂ ಹೇಳಬೇಕು. ಪರದೇಶದ ಧಾಟಿಗೆ ಕನ್ನಡವನ್ನು ಕೂರಿಸುವಾಗ ಅನೇಕ ಕಡೆ ಹ್ರಸ್ವ ದೀರ್ಘವಾಗಿದೆ, ದೀರ್ಘ ಹ್ರಸ್ವವಾಗಿದೆ. "ಬಲ" ಎಂಬ ಪದದ ಮೊದಲ ಅಕ್ಷರವನ್ನು ಧಾಟಿಗಾಗಿ ಎಳೆದರೆ ಕಿವಿಗೆ ಬೀಳುವುದು "ಬಾಲ". ಕನ್ನಡದಲ್ಲಿ ಒಂದು ಮಾತ್ರೆಯ ವ್ಯತ್ಯಾಸ ಅರ್ಥವನ್ನೇ ಬದಲಿಸುತ್ತದೆ. ಅದೇ ಬಾಸೆಲ್ ಮಿಷನ್ನಿನ ಕಿಟ್ಟೆಲ್ಲರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮುಂದೆ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿದ ಅವರು 1862ರಲ್ಲಿಯೇ ಕ್ರಿಸ್ತನ ಚರಿತ್ರೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ ಕಟ್ಟಿ ಪ್ರಕಟಿಸಿದ್ದರು. ಆ ದಾರಿಯಲ್ಲಿ ನಡೆದವರು ನಮ್ಮಲ್ಲಿ ಕಡಿಮೆಯಾದದ್ದು ನನಗೆ ಇಂದಿಗೂ ನೋವಿನ ಸಂಗತಿ. ನೆರೆಯ ತಮಿಳಿನಲ್ಲಿ ತಂಜಾವೂರಿನ ವೇದನಾಯಗ ಶಾಸ್ತ್ರಿಗಳು ಕರ್ನಾಟಕ ಸಂಗೀತದ ಶೈಲಿಯಲ್ಲಿ ಕ್ರೈಸ್ತ ಕೀರ್ತನೆಗಳನ್ನು ರಚಿಸಿದರು, ಮರಾಠಿಯಲ್ಲಿ ನಾರಾಯಣ ವಾಮನ ತಿಲಕರು ಅಭಂಗದ ಲಯದಲ್ಲಿ ಹಾಡು ಕಟ್ಟಿದರು, ಆ ಸಭೆಗಳು ಅವುಗಳನ್ನು ಇಂದಿಗೂ ಬಾಯಿತುಂಬ ಹಾಡುತ್ತವೆ. ನಮ್ಮ ಪುಸ್ತಕಗಳಲ್ಲಿಯೂ ದೇಶೀಯ ರಾಗ ತಾಳದ ಕೀರ್ತನೆಗಳಿವೆ. ಹುಡುಕಿ ಕೇಳುವವರಿಗೆ ನನ್ನ ಮೊದಲ ಸಲಹೆ ಅವೇ, ಏಕೆಂದರೆ ಅಲ್ಲಿ ಮಾತು ಮುರಿಯದೆ ಅರ್ಥವಾಗುತ್ತದೆ, ಬುದ್ಧಿಯಿಂದ ಹಾಡುವುದು ಸಾಧ್ಯವಾಗುತ್ತದೆ.

ಹೊಸ ಆರಾಧನಾ ಗೀತೆಗಳು ಇದಕ್ಕೆ ಬೇರೆ ಬಗೆಯವು. ಆಡುಮಾತಿಗೆ ಹತ್ತಿರವಾದ ಕನ್ನಡ, ಚಿಕ್ಕ ಪಲ್ಲವಿ, ದೇವರನ್ನು ನೇರವಾಗಿ "ನೀನು" ಎಂದು ಕರೆಯುವ ಸಲುಗೆ, ಇವುಗಳಿಂದ ಹೊಸದಾಗಿ ನಂಬಿಕೆಗೆ ಬಂದವನೂ ಮೊದಲ ದಿನವೇ ದನಿಗೂಡಿಸಬಲ್ಲನು. ಹಳೆಯ ಸಂಗೀತದ "ಎನ್ನಾತ್ಮವೇ" ಎಂಬಂಥ ಮಾತು ಅರ್ಥವಾಗದ ಮಗುವಿಗೂ ಇವು ಅರ್ಥವಾಗುತ್ತವೆ. ಈ ಉಪಕಾರವನ್ನು ಅಜ್ಜಿಯಂದಿರು ಒಪ್ಪಿಕೊಳ್ಳಬೇಕು. ಆದರೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಿಂದ ಅವಸರದಲ್ಲಿ ತಂದ ಗೀತೆಗಳಲ್ಲಿ ಹಳೆಯ ಅನುವಾದಗಳ ದೋಷವೇ ಇನ್ನಷ್ಟು ಹೆಚ್ಚಾಗಿ ಕಾಣುತ್ತದೆ. ಅದಕ್ಕಿಂತ ದೊಡ್ಡ ಕೊರತೆ ವಿಷಯದ್ದು. ಹಲವು ಗೀತೆಗಳಲ್ಲಿ ಜಯ, ಆಶೀರ್ವಾದ, ಬಿಡುಗಡೆ ಎಂಬ ಮೂರೇ ಮಾತುಗಳು ಸುತ್ತುತ್ತವೆ. ಪಶ್ಚಾತ್ತಾಪವಿಲ್ಲ, ನೆರೆಯವನಿಲ್ಲ, ಅಳು ಇಲ್ಲ. ಸತ್ಯವೇದದ 150 ಕೀರ್ತನೆಗಳಲ್ಲಿ ದೊಡ್ಡ ಪಾಲು ಗೋಳಿನ ಪ್ರಾರ್ಥನೆಗಳೇ. 88ನೆಯದಂತೂ ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ, ಕೊನೆಗೊಂದು ಜಯಘೋಷವೂ ಅಲ್ಲಿಲ್ಲ. ಕೆಲಸ ಕಳೆದುಕೊಂಡವನೋ ಮಗುವನ್ನು ಕಳೆದುಕೊಂಡವಳೋ ಜಯದ ಹಾಡನ್ನು ಮಾತ್ರ ಕೇಳುತ್ತಾ ಹೋದರೆ, ತನ್ನ ದುಃಖಕ್ಕೆ ದೇವರ ಮುಂದೆ ಜಾಗವೇ ಇಲ್ಲವೆಂದುಕೊಳ್ಳುವ ಅಪಾಯವಿದೆ.

ಹೊಸ ಗೀತೆಯನ್ನು ಆರಿಸುವಾಗ ನಮ್ಮ ಮನೆಯಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಹಾಡನ್ನು ನಿಲ್ಲಿಸಿ, ಸಾಹಿತ್ಯವನ್ನು ಕಾಗದದಲ್ಲಿ ಬರೆದು, ಊಟದ ಮೇಜಿನ ಮೇಲಿಟ್ಟು, ರಾಗವಿಲ್ಲದೆ ಓದುತ್ತೇವೆ. ಮೊದಲ ಸಲ ಹೀಗೆ ಮಾಡಿದಾಗ ನನಗೆ ಬಹಳ ಇಷ್ಟವಾಗಿದ್ದ ಒಂದು ಗೀತೆಯ ಆರು ಸಾಲುಗಳಲ್ಲಿ "ನಾನು", "ನನ್ನ", "ನನಗೆ" ಎಂಬುದೇ ತುಂಬಿದ್ದು, ದೇವರು ಯಾರು, ಏನು ಮಾಡಿದನು ಎಂಬುದಕ್ಕೆ ಒಂದು ಸಾಲೂ ಇಲ್ಲದಿರುವುದು ಕಂಡಿತು. ಅಷ್ಟು ದಿನ ನನ್ನನ್ನು ಹಿಡಿದಿಟ್ಟಿದ್ದದ್ದು ಕೀಬೋರ್ಡಿನ ಒಂದು ಏರಿಳಿತ ಮಾತ್ರ. ಅಗಸ್ಟೀನನ ಅಳುಕು ಏನೆಂದು ಅಂದು ನನಗೆ ಅರ್ಥವಾಯಿತು. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ಬೆಳೆಯುವ ಮಕ್ಕಳಿರುವ ಮನೆಗೆ ನಾನು ಹಳೆಯ ಸಂಗೀತವನ್ನೇ ಹೇಳುತ್ತೇನೆ, ಏಕೆಂದರೆ ಹತ್ತು ವರ್ಷದಲ್ಲಿ ಬಾಯಿಪಾಠವಾದದ್ದು ಎಪ್ಪತ್ತರಲ್ಲಿಯೂ ನೆರವಿಗೆ ಬರುತ್ತದೆ. ಒಬ್ಬಂಟಿಯಾಗಿ ಪ್ರಾರ್ಥನೆಗೆ ಕೂತು ಮಾತು ಹೊರಡದೆ ತೊಳಲುವವರಿಗೆ ಮಾತ್ರ ನಾಲ್ಕು ಸಾಲಿನ ಸರಳವಾದ ಹೊಸ ಗೀತೆಯೇ ಹೆಚ್ಚು ಹೊಂದುತ್ತದೆ.

ಸಿನಿಮಾ ಹಾಡು, ಭಾವಗೀತೆ, ಮತ್ತು ಧಾಟಿಯ ಪ್ರಶ್ನೆ

ಲೋಕದ ಹಾಡೆಲ್ಲ ಪಾಪವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಗಂಡು ಹೆಣ್ಣಿನ ಪ್ರೀತಿಯನ್ನು ಹಾಡುವ ಪರಮಗೀತವು ಸತ್ಯವೇದದೊಳಗೇ ಇದೆ. ಫಿಲಿಪ್ಪಿಯವರಿಗೆ ಬರೆದ ಪತ್ರದ 4:8 ಸತ್ಯವಾದದ್ದು, ಮಾನ್ಯವಾದದ್ದು, ಶುದ್ಧವಾದದ್ದು, ಮನೋಹರವಾದದ್ದು ಯಾವುದೋ ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಿರಿ ಎನ್ನುವಾಗ, ಅದು ಸಭೆಯ ಗೋಡೆಯೊಳಗೆ ಹುಟ್ಟಿರಬೇಕೆಂಬ ಷರತ್ತು ಹಾಕಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ ದಾಂಪತ್ಯದ ಕವಿತೆಗಳನ್ನು ಭಾವಗೀತೆಯಾಗಿ ಕೇಳಿದ ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಚ್ಚು ಅಕ್ಕರೆಯಿಂದ ನೋಡಿದರೆ ಅದು ಶುದ್ಧವೂ ಮನೋಹರವೂ ಆದ ಫಲವೇ ಅಲ್ಲವೇ? ಬೀಸುವ ಪದ, ಸೋಬಾನೆ ಪದಗಳಲ್ಲಿಯೂ ತವರಿನ ನೆನಪು, ತಾಯಿಯ ದುಡಿಮೆ, ಅಣ್ಣ ತಂಗಿಯರ ಮಮತೆ ತುಂಬಿವೆ.

ಸಿನಿಮಾ ಹಾಡುಗಳಲ್ಲಿ ಹೀಗೆ ಕೇಳಬಹುದಾದವು ಎಷ್ಟೋ ಇವೆ. ಆದರೆ ಹೆಣ್ಣನ್ನು ಸರಕಿನಂತೆ ಕಾಣುವ, ಕುಡಿತವನ್ನು ಗಂಡಸುತನವೆನ್ನುವ, ಮಚ್ಚನ್ನು ಕೊಂಡಾಡುವ ಹಾಡುಗಳೂ ಅದೇ ಪಟ್ಟಿಯಲ್ಲಿ ಪಕ್ಕದಲ್ಲೇ ಕೂತಿರುತ್ತವೆ. "ನಾನು ಬೀಟ್ ಮಾತ್ರ ಕೇಳುವುದು, ಸಾಹಿತ್ಯಕ್ಕೆ ಗಮನ ಕೊಡುವುದಿಲ್ಲ" ಎಂದು ಹುಡುಗರು ಹೇಳುವುದುಂಟು. ಹಾಗೆ ಹೇಳಿದವನೇ ಸಂಜೆ ಬೈಕ್ ತೊಳೆಯುತ್ತಾ ಅದೇ ಸಾಲನ್ನು ತಪ್ಪಿಲ್ಲದೆ ಗುನುಗುತ್ತಾನೆ. ಹಾಡಿನ ಸ್ವಭಾವವೇ ಅದು, ಗಮನ ಕೊಡದವನಿಗೂ ಬಾಯಿಪಾಠವಾಗುವುದು. ಇಲ್ಲಿ ಇನ್ನೊಂದು ಪ್ರಾಯೋಗಿಕ ವಿಷಯವಿದೆ. ಹಿಂದೆ ರೇಡಿಯೋದ ಹಾಡು ಮುಗಿದರೆ ವಾರ್ತೆ ಬರುತ್ತಿತ್ತು. ಈಗಿನ ಆ್ಯಪ್ ಒಂದು ಹಾಡು ಮುಗಿದ ಕೂಡಲೇ ತಾನೇ ಇನ್ನೊಂದನ್ನು ಆರಿಸಿ ಹಾಕುತ್ತದೆ. ಅರ್ಧ ಗಂಟೆಯ ಹೊತ್ತಿಗೆ ನೀವು ಆರಿಸದ ಹಾಡು ನಿಮ್ಮ ಕಿವಿಯಲ್ಲಿರುತ್ತದೆ. ಹಾಗಾಗಿ ಆ ಆಟೋಪ್ಲೇ ವ್ಯವಸ್ಥೆಯನ್ನು ನಿಲ್ಲಿಸಿ, ಇಪ್ಪತ್ತೋ ಮೂವತ್ತೋ ಹಾಡುಗಳ ಸ್ವಂತ ಪಟ್ಟಿಯನ್ನು ಮಾಡಿಕೊಳ್ಳುವುದು ಉತ್ತಮ. ಹದಿಹರೆಯದ ಮಕ್ಕಳೊಡನೆ ಆ ಪಟ್ಟಿಯನ್ನು ಕೂತು ಮಾಡುವ ಹೆತ್ತವರಿಗೆ, ನಿಷೇಧ ಹೇರುವ ಹೆತ್ತವರಿಗಿಂತ ಹೆಚ್ಚು ಸಂಗತಿಗಳು ತಿಳಿಯುತ್ತವೆ. ಮಗ ಯಾವ ಹಾಡನ್ನು ಏಕೆ ಬಿಡಲಾರೆ ಎನ್ನುತ್ತಾನೋ ಅಲ್ಲಿ ಅವನ ಮನಸ್ಸಿನ ಬಾಗಿಲು ಸಿಗುತ್ತದೆ.

ರಾಕ್, ರ‍್ಯಾಪ್ ಮೊದಲಾದ ಶೈಲಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅದೇ ಮೂರು ಪ್ರಶ್ನೆಗಳು ಅಲ್ಲಿಗೂ ಸಲ್ಲುತ್ತವೆ. ಆದರೆ ಜನಪ್ರಿಯ ಸಿನಿಮಾ ಹಾಡಿನ ಧಾಟಿಗೆ ಯೇಸುವಿನ ಸ್ತುತಿಯನ್ನು ಕೂರಿಸಿ ಹಾಡುವ ರೂಢಿಯ ಬಗ್ಗೆ ಸ್ವಲ್ಪ ನಿಲ್ಲಬೇಕು. ಇದನ್ನು ಸಮರ್ಥಿಸುವವರು ಒಂದು ಒಳ್ಳೆಯ ಉದಾಹರಣೆ ಕೊಡುತ್ತಾರೆ: ಶುಭ ಶುಕ್ರವಾರದಂದು ಪ್ರಪಂಚದ ಅನೇಕ ಸಭೆಗಳು ಹಾಡುವ, ಮುಳ್ಳಿನ ಕಿರೀಟ ಧರಿಸಿದ ಕ್ರಿಸ್ತನ ಶಿರಸ್ಸನ್ನು ಕುರಿತ ಗೀತೆಯ ಧಾಟಿ ಮೂಲತಃ ಹಾನ್ಸ್ ಲಿಯೋ ಹಾಸ್ಲರ್ ಎಂಬಾತ 1601ರಲ್ಲಿ ಪ್ರಕಟಿಸಿದ ಒಂದು ಪ್ರೇಮಗೀತೆಯದು. ಜರ್ಮನ್ ಸಂಗೀತಗಾರ ಬಾಖ್, ಕ್ರಿಸ್ತನ ಶ್ರಮಾಚರಿತ್ರೆಗೆ ತಾನು ರಚಿಸಿದ ಸಂಗೀತದಲ್ಲಿ ಮತ್ತೆ ಮತ್ತೆ ಬಳಸಿದ್ದು ಅದನ್ನೇ. ಧಾಟಿ ತನ್ನಷ್ಟಕ್ಕೆ ಪವಿತ್ರವೂ ಅಲ್ಲ, ಅಪವಿತ್ರವೂ ಅಲ್ಲ ಎಂಬುದಕ್ಕೆ ಇದು ಸಾಕ್ಷಿ, ಒಪ್ಪುತ್ತೇನೆ. ಆದರೆ ಬಾಖ್‌ನ ಕಾಲಕ್ಕೆ ಆ ಧಾಟಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಸಭೆಯ ಬಾಯಲ್ಲಿ ನೆನೆದಿತ್ತು. ಕಳೆದ ವಾರ ಬಿಡುಗಡೆಯಾದ ಸಿನಿಮಾದ ಧಾಟಿಯನ್ನು ಈ ಭಾನುವಾರ ಹಾಡಿದರೆ, ಕಣ್ಣು ಮುಚ್ಚಿದ ಹುಡುಗನ ಮುಂದೆ ಬರುವುದು ಶಿಲುಬೆಯಲ್ಲ, ನಾಯಕ ನಾಯಕಿಯರ ಕುಣಿತ. ಅದು ಅವನ ದೋಷವಲ್ಲ, ಕಿವಿಯ ನೆನಪು ಹಾಗೆಯೇ ಕೆಲಸ ಮಾಡುತ್ತದೆ. ಮನೆಯಲ್ಲಿ ಕೇಳುವುದಕ್ಕೂ ಇಂಥವನ್ನು ನಾನು ಆರಿಸುವುದಿಲ್ಲ.

ದಾಸರ ಪದ, ಶಾಸ್ತ್ರೀಯ ಸಂಗೀತ

ಈಗ ಆ ತಾಯಿ ಕೇಳಿದ ಪ್ರಶ್ನೆ. ಇದು ನಮ್ಮ ನಾಡಿನ ಕ್ರೈಸ್ತರಿಗೆ ವಿಶೇಷವಾಗಿ ಕಠಿಣವಾದದ್ದು, ಏಕೆಂದರೆ ಕರ್ನಾಟಕ ಸಂಗೀತದ ಪಾಠಕ್ರಮಕ್ಕೆ ಮೂಲಪುರುಷರೆಂದು ಗೌರವಿಸಲ್ಪಡುವ ಪುರಂದರದಾಸರು ಹರಿಭಕ್ತರು, ಅಲ್ಲಿನ ಸಾಹಿತ್ಯದ ಬಹುಪಾಲು ದೇವತಾಸ್ತುತಿ. ಕೆಲವರು ಇದನ್ನೆಲ್ಲ ಮುಟ್ಟಲೇಬಾರದೆನ್ನುತ್ತಾರೆ. ಹಾಗೆನ್ನುವವರು ಎರಡು ಸಂಗತಿಗಳನ್ನು ನೆನೆಯಬೇಕು. ದಾಸರ ಪದಗಳ ಒಂದು ಸಂಕಲನವನ್ನು 1850ರಲ್ಲಿ ಅಚ್ಚು ಹಾಕಿಸಿದವರು ಹರ್ಮನ್ ಮೋಗ್ಲಿಂಗ್, ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಸುವಾರ್ತೆ ಸಾರಲು ಬಂದ ಪಾದ್ರಿಗೆ ಆ ಪದಗಳು ತಿಳಿಯತಕ್ಕವು, ಉಳಿಸತಕ್ಕವು ಎನಿಸಿದ್ದವು. ಇನ್ನು ತಂಜಾವೂರಿನ ಅಬ್ರಹಾಂ ಪಂಡಿತರು, ಕ್ರೈಸ್ತರು, 1917ರಲ್ಲಿ ಪ್ರಕಟಿಸಿದ ಬೃಹತ್ ಸಂಗೀತಶಾಸ್ತ್ರ ಗ್ರಂಥವನ್ನು ಶ್ರುತಿಗಳ ಚರ್ಚೆ ಬಂದಾಗ ವಿದ್ವಾಂಸರು ಇಂದಿಗೂ ನೆನೆಯುತ್ತಾರೆ. ಷಡ್ಜ ಪಂಚಮಗಳು ಯಾವ ಮತದ ಸ್ವತ್ತೂ ಅಲ್ಲ.

ರಾಗ, ತಾಳ, ಸ್ವರ, ತನಿ ವಾದ್ಯವಾದನ ಇವುಗಳನ್ನು ಕಲಿಯುವುದರಲ್ಲಿ, ಕೇಳುವುದರಲ್ಲಿ ನನಗೆ ಯಾವ ಅಡ್ಡಿಯೂ ಕಾಣುವುದಿಲ್ಲ. ದಾಸರ ಪದಗಳಲ್ಲಿ ಡಂಭಾಚಾರವನ್ನು ಖಂಡಿಸುವ, ಹಣದ ಮೋಹವನ್ನು ಜರೆಯುವ, ನಾಲಗೆಯನ್ನು ಹತೋಟಿಯಲ್ಲಿಡಲು ಹೇಳುವ ಪದಗಳಿವೆ. ಸತ್ಯವೇದದ ಜ್ಞಾನೋಕ್ತಿಗಳನ್ನು ಓದುವ ಕ್ರೈಸ್ತನು ಅವುಗಳಿಂದ ಬುದ್ಧಿ ಕಲಿಯಬಹುದು. ಕನ್ನಡ ಸಾಹಿತ್ಯವೆಂದು ಗೌರವದಿಂದ ಕೇಳಬಹುದು. ಆದರೆ ಒಂದು ದೇವತೆಯನ್ನು ಸಂಬೋಧಿಸಿ ಶರಣಾಗುವ ಪದವನ್ನು ತನ್ನ ಪ್ರಾರ್ಥನೆಯಾಗಿ ಹಾಡುವುದು ಬೇರೆಯೇ ಮಾತು. ಅದು ನನ್ನ ನಂಬಿಕೆಗೆ ಒಪ್ಪುವುದಿಲ್ಲವೆಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ನಮ್ಮವರು ಸಾಮಾನ್ಯವಾಗಿ ಹೇಳುವುದಿಲ್ಲ: ಇನ್ನೊಬ್ಬರು ಪ್ರಾಣಕೊಟ್ಟು ನಂಬಿದ ಮಾತನ್ನು ನಾನು ಬರಿಯ ಕಂಠಸಾಧನೆಯೆಂದು ಉಚ್ಚರಿಸಿದರೆ ಅವರ ಭಕ್ತಿಗೂ ಅದು ಅಗೌರವ. ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಕೊಲ್ಲೂರಿನ ಮೂಕಾಂಬಿಕಾ ಸನ್ನಿಧಿಯಲ್ಲಿ ವರ್ಷ ವರ್ಷ ಹಾಡುತ್ತಾ ಬಂದ ಕೆ.ಜೆ. ಯೇಸುದಾಸರನ್ನು ಉದಾಹರಿಸುವವರಿದ್ದಾರೆ. ಅದು ಅವರ ಮತ್ತು ಅವರ ಆತ್ಮಸಾಕ್ಷಿಯ ನಡುವಿನ ಸಂಗತಿ, ಅದರ ತೀರ್ಪು ನನ್ನ ಕೈಯಲ್ಲಿಲ್ಲ. ವಿಗ್ರಹಕ್ಕೆ ಅರ್ಪಿಸಿದ ಆಹಾರದ ಬಗ್ಗೆ ಪೌಲನು ಕೊರಿಂಥದವರಿಗೆ ಬರೆದದ್ದು ಇಲ್ಲಿ ನನಗೆ ದಾರಿ ತೋರುತ್ತದೆ: ಅಂಗಡಿಯಲ್ಲಿ ಮಾರುವುದನ್ನು ಅನುಮಾನ ಪಡದೆ ತಿನ್ನಬಹುದು, ಆದರೆ ನಿನ್ನ ತಿನ್ನುವಿಕೆಯಿಂದ ಒಬ್ಬ ಬಲಹೀನನ ಮನಸ್ಸು ಕೆಡುವುದಾದರೆ ಬಿಟ್ಟುಬಿಡು. ಹೊಸದಾಗಿ ದೀಕ್ಷಾಸ್ನಾನ ಹೊಂದಿದ, ಹಳೆಯ ಆಚರಣೆಗಳಿಂದ ಬಹಳ ಕಷ್ಟಪಟ್ಟು ಹೊರಬಂದ ಒಬ್ಬರು ಮನೆಯಲ್ಲಿದ್ದರೆ, ನನಗೆ ಸಾಹಿತ್ಯವೆನಿಸುವ ಪದ ಅವರಿಗೆ ಮರುಕರೆಯೆನಿಸಬಹುದು. ಅಂಥ ಮನೆಯಲ್ಲಿ ನಾನು ಆ ಪದಗಳನ್ನು ಹಾಕುವುದಿಲ್ಲ, ವೀಣೆಯ ಆಲಾಪನೆ ಹಾಕುತ್ತೇನೆ.

ಆ ತಾಯಿಗೂ ಇದನ್ನೇ ಹೇಳಿ, ಮಗಳ ಗುರುಗಳ ಬಳಿ ಮುಚ್ಚುಮರೆಯಿಲ್ಲದೆ ಮಾತಾಡಿ ಎಂದೆ. ಅವರು ಹೋಗಿ ಮಾತಾಡಿದರು. ಆ ಹಿರಿಯ ವಿದುಷಿ ಬೇಸರಪಡಲಿಲ್ಲ. "ಈ ಗೀತೆಯ ಮಲಹರಿ ರಾಗ ಕಲಿಯಬೇಕಾದದ್ದು, ಅದನ್ನು ಬಿಡಿಸುವುದಿಲ್ಲ. ಅವಳು ಸ್ವರಗಳನ್ನು ಪೂರ್ತಿ ಕಲಿಯಲಿ, ಸಾಹಿತ್ಯದ ಅರ್ಥವನ್ನು ಹೇಳಿಕೊಡುತ್ತೇನೆ, ಹಾಡುವುದು ಬಿಡುವುದು ನಿಮ್ಮ ಮನೆಯವರಿಗೆ ಬಿಟ್ಟದ್ದು" ಎಂದರಂತೆ. ಹುಡುಗಿ ಈಗ ಗೀತೆಯ ಸ್ವರಗಳನ್ನು ಮಾತ್ರ ತಾಳ ಹಾಕಿಕೊಂಡು ಹಾಡುತ್ತಾಳೆ. ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಅಜ್ಜಿ ತಮ್ಮ ಪುಸ್ತಕದಿಂದ ಆದಿತಾಳದ ಒಂದು ಹಳೆಯ ಕೀರ್ತನೆಯನ್ನು ತೆಗೆದುಕೊಡುತ್ತಾರೆ. ಧಾಟಿ ಅಜ್ಜಿಗೆ ಗೊತ್ತಿದೆ, ರಾಗದ ಹೆಸರು ಗೊತ್ತಿಲ್ಲ. ಅದು ಯಾವ ರಾಗವೆಂದು ಗುರುಗಳನ್ನು ಕೇಳಿಕೊಂಡು ಬರುವ ಕೆಲಸ ಮೊಮ್ಮಗಳದು.